ಸೇಂಟ್ ಹೆಲೆನಾ ದ್ವೀಪದ ಕಾಫಿ: ಒಂದು ಐತಿಹಾಸಿಕ ವಿವೇಚನೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದ ಕಾಫಿಯ ಕೀರ್ತಿಯನ್ನು, 1815ರಿಂದ 1821ರವರೆಗೆ ಅಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನ ಹೆಸರಿನೊಡನೆ ಜೋಡಿಸಿ ಹೇಳುವುದು ವಾಡಿಕೆ. ಆದರೆ ಅದರ ವೈಶಿಷ್ಟ್ಯವನ್ನು ಅರಸಬೇಕಾದುದು ಸೆರೆಯಾಳಿನ ಮೆಚ್ಚುಗೆಯಲ್ಲಲ್ಲ, ಗಿಡದ ವಂಶದಲ್ಲಿ. 1733ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಯೆಮನ್ ದೇಶದ ಮೋಖಾ ಬಂದರಿನಿಂದ ಅಲ್ಲಿಗೆ ಬೀಜಗಳನ್ನು ತರಿಸಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಕಾಫಿಗೆ ಬಹುಮಾನ ಸಂದಿತು.

ನಮ್ಮ ಬಾಬಾಬುಡನ್‌ಗಿರಿಯ ಕಾಫಿಯೂ ಯೆಮನ್ನಿನಿಂದ ಬಂದುದೆಂದೇ ಐತಿಹ್ಯ. ಆದರೆ ಎಲೆತುಕ್ಕು ರೋಗ, ಕಾಂಡಕೊರಕ ಹುಳುಗಳ ಹಾವಳಿಯಿಂದ ಇಲ್ಲಿನ ಹಳೆಯ ‘ಚಿಕ್’ ತಳಿ ಅಳಿದು, ಕ್ರಮೇಣ ಎಸ್. 795 ಮೊದಲಾದ ಮಿಶ್ರತಳಿಗಳು ನೆಲೆಗೊಂಡವು. ಆ ಒಂಟಿ ದ್ವೀಪದಲ್ಲಿಯಾದರೋ ಅರೇಬಿಕಾದ ಹಸಿರು ಚಿಗುರಿನ ‘ಬೂರ್ಬಾನ್’ ತಳಿಯೇ ಉಳಿದುಬಂದಿದೆ. ಬೆಳೆ ಅತ್ಯಲ್ಪವಾದುದರಿಂದ ಅದರ ಬೆಲೆ ಹೆಚ್ಚಿತು. ಗುಣವಾದರೋ ಆ ಹಳೆಯ ಬೀಜದ್ದು.