ಮೂರನೇ ಪೆಡಲ್ ಮಾಯವಾದ ಮೇಲೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವಾಗ ಗೊತ್ತಿರುವ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದೊಯ್ಯುವುದು ಹಳೆಯ ರೂಢಿ. ಅನುಭವಸ್ಥನಾದರೆ ಆತ ಬಾನೆಟ್ ಎತ್ತುವ ಮೊದಲೇ ಸೀಟಿನಲ್ಲಿ ಕೂತು ಎಡಗಾಲಿನಿಂದ ಕ್ಲಚ್ ಒತ್ತಿ ಬಿಡುತ್ತಾನೆ. ಪೆಡಲ್ ತೀರಾ ಮೇಲಕ್ಕೆ ಬಂದ ಮೇಲೆ ಕಾರು ಕದಲಿದರೆ ಪ್ಲೇಟ್ ಸವೆದಿದೆ ಎಂದು ಲೆಕ್ಕ. ಇನ್ನೂ ಅನುಮಾನವಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾನೆ. ಎಂಜಿನ್ ಒಮ್ಮೆ ಜಗ್ಗಿ ಆಫ್ ಆದರೆ ಕ್ಲಚ್ ಗಟ್ಟಿ. ಆಫ್ ಆಗದೆ ಗುರುಗುಟ್ಟುತ್ತಲೇ ಇದ್ದರೆ ಸ್ಲಿಪ್ ಆಗುತ್ತಿದೆ, ಬೆಲೆ ಇಳಿಸಿ ಮಾತಾಡಬೇಕು. ಇದಕ್ಕೆ ಯಂತ್ರ ಬೇಡ, ರಸೀದಿ ಬೇಡ, ಪಳಗಿದ ಒಂದು ಕಾಲು ಸಾಕು.

1997ರಲ್ಲಿ ಇಟಲಿಯ ಮರನೆಲ್ಲೊದಿಂದ ಹೊರಬಂದ ಒಂದು ಕಾರಿನ ಮುಂದೆ ಈ ವಿದ್ಯೆ ನಡೆಯಲಿಲ್ಲ. ಫೆರಾರಿ ಎಫ್355 ಎಫ್1ನಲ್ಲಿ ಒತ್ತಿ ನೋಡಲು ಕ್ಲಚ್ ಪೆಡಲೇ ಇರಲಿಲ್ಲ. ಕ್ಲಚ್ ಮಾತ್ರ ಇತ್ತು.

ಚಾಲಕನ ಕಾಲಿಗೆ ಬಿಡುವು ಕೊಡುವ ಆಸೆ ಅದಕ್ಕಿಂತ ಬಹಳ ಹಳೆಯದು. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ಹೈಡ್ರಾಲಿಕ್ ಒತ್ತಡವೇ ಕ್ಲಚ್ಚನ್ನು ನೋಡಿಕೊಳ್ಳುತ್ತಿತ್ತು. 1967ರಲ್ಲಿ ಪೋರ್ಷೆ ಕಂಪನಿ 911ಕ್ಕೆ ಸ್ಪೋರ್ಟೊಮ್ಯಾಟಿಕ್ ತಂದಿತು. ಗೇರ್ ಲಿವರಿನ ಮೇಲೆ ಕೈಯಿಟ್ಟರೆ ಸಾಕು, ವ್ಯಾಕ್ಯೂಮ್ ಬಲದಿಂದ ಕ್ಲಚ್ ಬಿಡುತ್ತಿತ್ತು. ಲಿವರಿನ ಮೇಲೆ ಸುಮ್ಮನೆ ಕೈ ಊರಿ ಕೂರುವ ಅಭ್ಯಾಸದವರಿಗೆ ಅದೊಂದು ಫಜೀತಿ: ಆಕ್ಸಿಲರೇಟರ್ ಒತ್ತಿದರೆ ಕಾರು ಓಡುವ ಬದಲು ಎಂಜಿನ್ ಮಾತ್ರ ಅರಚುತ್ತಿತ್ತು. ಆದರೆ ಸ್ಪೋರ್ಟೊಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಕೂಡ ಇದ್ದದ್ದರಿಂದ ನಿಂತ ಕಾರನ್ನು ಹೊರಡಿಸುವ ಭಾರ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತಿರಲಿಲ್ಲ. ಫೆರಾರಿ ಆರಿಸಿಕೊಂಡದ್ದು ಬೇರೆ ದಾರಿ, ಅದೂ ರೇಸ್ ಟ್ರ್ಯಾಕಿನಿಂದ ಬಂದದ್ದು.

ಫೆರಾರಿಯ ರೇಸ್ ಕಾರುಗಳನ್ನು 1989ರ ಹೊತ್ತಿಗೆ ರೂಪಿಸುತ್ತಿದ್ದವನು ಜಾನ್ ಬರ್ನಾರ್ಡ್ ಎಂಬ ಇಂಗ್ಲಿಷ್ ಎಂಜಿನಿಯರ್. ಮರನೆಲ್ಲೊಗೆ ಬಂದು ನೆಲೆಸಲು ಒಲ್ಲದ ಆತನಿಗೆ ಕಂಪನಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲೇ ಕಚೇರಿ ಮಾಡಿಕೊಟ್ಟಿತ್ತು. ಬರ್ನಾರ್ಡ್‌ಗೆ ಬೇಕಿದ್ದದ್ದು ಇನ್ನೂ ಕಿರಿದಾದ ಕಾಕ್‌ಪಿಟ್. ಗೇರ್ ಲಿವರ್ ಮತ್ತು ಅದರ ಸರಳುಗಳು ಜಾಗ ತಿನ್ನುತ್ತಿದ್ದವು. ಅವನ್ನು ಕಿತ್ತು ಹಾಕಿ, ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಇಟ್ಟು, ಗೇರ್ ಬದಲಿಸುವ ಕೆಲಸವನ್ನು ವಿದ್ಯುತ್ ಮತ್ತು ಹೈಡ್ರಾಲಿಕ್ಸ್‌ಗೆ ಒಪ್ಪಿಸಿದ. ಹೀಗೆ ಸಿದ್ಧವಾದ 640 ಕಾರು ಪರೀಕ್ಷೆಯ ಓಟಗಳಲ್ಲಿ ಪದೇ ಪದೇ ಕೈಕೊಟ್ಟಿತು. 1989ರ ಮಾರ್ಚ್ 26ರಂದು ಬ್ರೆಜಿಲ್‌ನ ಜಕರೆಪಗ್ವಾದಲ್ಲಿ ಅದು ಕೊನೆಯವರೆಗೆ ಓಡೀತೆಂಬ ನಂಬಿಕೆ ತಂಡದವರಿಗೇ ಇರಲಿಲ್ಲ. ಓಡಿತು, ಗೆದ್ದಿತು ಕೂಡ. ನೈಜೆಲ್ ಮ್ಯಾನ್ಸೆಲ್‌ಗೆ ಫೆರಾರಿ ಪರವಾಗಿ ಅದು ಮೊದಲ ರೇಸ್. ನಡುವೆ ಪಿಟ್‌ನಲ್ಲಿ ನಿಲ್ಲಿಸಿ ಸ್ಟೀರಿಂಗ್ ಚಕ್ರವನ್ನೇ ಬದಲಿಸಿಕೊಂಡು ಆತ ಗೆದ್ದು ಬಂದಿದ್ದ. ಮುಂದಿನ ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್‌ನ ಎಲ್ಲ ತಂಡಗಳೂ ಇದೇ ಜಾಡು ಹಿಡಿದವು.

ರೇಸ್ ಕಾರಿನ ಕ್ಲಚ್ ಎಷ್ಟು ಸವೆದರೂ ಯಾರೂ ಕೇಳುವುದಿಲ್ಲ, ಬಿಚ್ಚಿ ಹೊಸದು ಹಾಕುತ್ತಾರೆ. ರಸ್ತೆಯ ಕಾರಿಗೆ ಆ ಭಾಗ್ಯವಿಲ್ಲ. ಎಫ್355 ಎಫ್1ನಲ್ಲಿ ಇದ್ದದ್ದು ಮ್ಯಾನುಯಲ್ ಕಾರಿನದ್ದೇ ಗೇರ್‌ಬಾಕ್ಸ್, ಒಣ ಕ್ಲಚ್. ಅದರ ಮೇಲೆ ಒಂದು ಹೈಡ್ರಾಲಿಕ್ ಪಂಪ್, ಒತ್ತಡ ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರ್, ಗೇರ್ ದೂಡುವ ಆಕ್ಚುಯೇಟರ್, ಇವನ್ನೆಲ್ಲ ಆಡಿಸುವ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯ ಕಂಪ್ಯೂಟರ್. ಬಲಗಡೆಯ ಪ್ಯಾಡಲ್ ಎಳೆದರೆ ಮೇಲಿನ ಗೇರ್, ಎಡಗಡೆಯದು ಎಳೆದರೆ ಕೆಳಗಿನದು, ಎರಡನ್ನೂ ಒಟ್ಟಿಗೆ ಎಳೆದರೆ ನ್ಯೂಟ್ರಲ್. ಜಾಹೀರಾತಿನಲ್ಲಿ ಮೆರೆದದ್ದು ಗೇರ್ ಬದಲಾಗುವ ವೇಗ. ಅಮೆರಿಕದಲ್ಲೋ ಯುರೋಪಿನಲ್ಲೋ ಸಂಜೆ ಹೊತ್ತು ಹೋಟೆಲ್ ಮುಂದೆ ಈ ಕಾರನ್ನು ಏರಿನಲ್ಲಿ ರಿವರ್ಸ್ ಮಾಡುವಾಗ ಒಳಗೆ ಏನಾಗುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳಲಿಲ್ಲ.

ಆಗುತ್ತಿದ್ದದ್ದು ಇಷ್ಟೆ. ಕಂಪ್ಯೂಟರ್ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ಇಂಚಿಂಚೇ ಸರಿಸುತ್ತಿತ್ತು. ಸ್ವಂತ ಕಾಲಿನಿಂದ ಕ್ಲಚ್ ಉಜ್ಜುವವನಿಗೆ ಪೆಡಲಿನ ನಡುಕ ತಿಳಿಯುತ್ತದೆ, ವಾಸನೆ ಮೂಗಿಗೆ ಬಡಿಯುವ ಮೊದಲೇ ಕಾಲು ಎಚ್ಚರಿಸುತ್ತದೆ. ಇಲ್ಲಿ ಚಾಲಕ ಆಟೊಮ್ಯಾಟಿಕ್ ಎಂದುಕೊಂಡು ಆಕ್ಸಿಲರೇಟರನ್ನು ಒಂಚೂರು ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದ, ಪ್ಲೇಟ್ ಬೇಯುತ್ತಿತ್ತು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಕಾರನ್ನು ಹಿಡಿದು ನಿಲ್ಲಿಸುವವರಂತೂ ಕ್ಲಚ್ಚಿಗೆ ಶತ್ರುಗಳು. ಹಾಗಾಗಿಯೇ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದರ ಕ್ಲಚ್ ಹತ್ತು ಹದಿನೈದು ಸಾವಿರ ಕಿಲೋಮೀಟರಿಗೆ ಮುಗಿದರೆ, ಇನ್ನೊಂದರದು ಅದರ ಎರಡು ಮೂರು ಪಟ್ಟು ಬಾಳುತ್ತಿತ್ತು. ಓಡೋಮೀಟರ್ ನೋಡಿ ಕ್ಲಚ್ಚಿನ ಸ್ಥಿತಿ ಹೇಳುವುದು ಅಸಾಧ್ಯವಾಯಿತು.

ಕೊಳ್ಳುವವನ ಕೈಗೆ ಆಗ ಬಂದದ್ದು ಒಂದು ಅಂಕಿ. ಪ್ಲೇಟ್ ತೆಳ್ಳಗಾದಂತೆ ಕ್ಲಚ್ ಪೂರ್ತಿ ಹಿಡಿದಾಗ, ಅದನ್ನು ಬಿಡಿಸುವ ರಿಲೀಸ್ ಬೇರಿಂಗ್ ನಿಲ್ಲುವ ಜಾಗ ಸರಿಯುತ್ತಾ ಹೋಗುತ್ತದೆ. ಆ ಸರಿದಾಟವನ್ನು ಸೆನ್ಸರ್ ಅಳೆಯುತ್ತದೆ. ಹೊಸ ಕ್ಲಚ್ ಹಾಕಿದ ದಿನ ದಾಖಲಿಸಿದ ಅಳತೆಯಿಂದ ಇಂದಿನ ಅಳತೆಯನ್ನು ಕಳೆದು, ಇಷ್ಟು ಪರ್ಸೆಂಟ್ ಸವೆದಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ಇಡೀ ಆಯುಷ್ಯದ ಸವೆತವೇ ಕೆಲವು ಮಿಲಿಮೀಟರ್. ಡೀಲರ್‌ಗಳ ಬಳಿ ಮಾತ್ರ ಇದ್ದ ಫೆರಾರಿಯ ಎಸ್‌ಡಿ2, ಆಮೇಲಿನ ಎಸ್‌ಡಿ3 ಉಪಕರಣಗಳಿಗೆ ಈ ಅಂಕಿ ಓದಲು ಬರುತ್ತಿತ್ತು. ಮುಂದೆ ಹೊರಗಿನ ಗ್ಯಾರೇಜುಗಳಿಗೂ ಅಂಥ ಸ್ಕ್ಯಾನರ್ ಬಂದವು. ಎಫ್355ರ ನಂತರದ 360 ಮೊಡೆನಾ, ಎಫ್430 ಫೆರಾರಿಗಳನ್ನು ಮಾರಾಟಕ್ಕಿಟ್ಟವರು ಬಣ್ಣ, ಮಾಡೆಲ್ ವರ್ಷದ ಪಕ್ಕದಲ್ಲೇ ಕ್ಲಚ್ ಇಷ್ಟು ಪರ್ಸೆಂಟ್ ಉಳಿದಿದೆ ಎಂದು ಬರೆಯುವುದು ವಾಡಿಕೆಯಾಯಿತು. ಎಫ್355ನಲ್ಲಿ ಕ್ಲಚ್ ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಇದ್ದದ್ದರಿಂದ ತಲುಪುವುದು ಅಷ್ಟು ಕಷ್ಟವಲ್ಲ. 1999ರ 360ರಿಂದ ಮುಂದಕ್ಕೆ ಅದು ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಹುದುಗಿತು. ಕಣ್ಣಾರೆ ನೋಡಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಅಂಕಿಗೆ ಇನ್ನಷ್ಟು ತೂಕ ಬಂತು.

ಆ ತೂಕಕ್ಕೆ ತಕ್ಕ ಯೋಗ್ಯತೆ ಅಂಕಿಗೆ ಇತ್ತೇ? ಅರ್ಧ ಮಾತ್ರ. ಕ್ಲಚ್ ಬದಲಿಸಿದ ಮೆಕ್ಯಾನಿಕ್ ಹೊಸ ಅಳತೆಯನ್ನು ದಾಖಲಿಸಲು ಮರೆತರೆ ಕಂಪ್ಯೂಟರ್ ಹಳೆಯ ಲೆಕ್ಕವನ್ನೇ ಮುಂದುವರಿಸುತ್ತದೆ. ಕ್ಲಚ್ ಬದಲಿಸದೆ ಅಳತೆ ಮಾತ್ರ ಹೊಸದಾಗಿ ಬರೆದರೆ ಸವೆದ ಪ್ಲೇಟಿಗೂ ಸೊನ್ನೆ ಸವೆತ ಎಂಬ ಪ್ರಮಾಣಪತ್ರ! ಇನ್ನೊಂದು ತೊಂದರೆ, ಅಂಕಿ ದಪ್ಪವನ್ನಷ್ಟೇ ಹೇಳುತ್ತದೆ. ಬೆಂದು ನುಣುಪಾದ ಪ್ಲೇಟ್, ಕಾವಿಗೆ ನೀಲಿ ಕಲೆ ಬಿದ್ದ ಫ್ಲೈವೀಲ್, ಎಣ್ಣೆ ಜಿನುಗುವ ರಿಲೀಸ್ ಬೇರಿಂಗ್ ಅದರ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಬಲ್ಲ ಮೆಕ್ಯಾನಿಕ್‌ಗಳು ಮತ್ತೆ ಕಿವಿಗೂ ಅಂಗಾಲಿಗೂ ಮರಳಿದರು. 360, 430 ಕಾರುಗಳ ಬಾಗಿಲು ತೆರೆದೊಡನೆ ಹೈಡ್ರಾಲಿಕ್ ಪಂಪ್ ಗುಂಯ್ ಎಂದು ಕೆಲಕ್ಷಣ ಓಡಿ ನಿಲ್ಲುತ್ತದೆ. ಆಮೇಲೂ ಗಳಿಗೆಗೊಮ್ಮೆ ಗುಂಯ್‌ಗುಡುತ್ತಿದ್ದರೆ ಒತ್ತಡ ನಿಲ್ಲುತ್ತಿಲ್ಲ, ಅಕ್ಯುಮುಲೇಟರ್ ಸೋತಿದೆ ಎಂಬ ಶಂಕೆ. ಎಂಜಿನ್ ಕಾದ ಮೇಲೆ ಎತ್ತರದ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಬೇಕು. ಮುಳ್ಳು ಜಿಗಿದು ವೇಗ ಏರದಿದ್ದರೆ ಯಾವ ಅಂಕಿಯನ್ನೂ ಕೇಳಬೇಕಿಲ್ಲ.

ಇಷ್ಟರಲ್ಲಿ ಇನ್ನೂ ಹಲವು ಕಂಪನಿಗಳು ಈ ಸಾಲಿಗೆ ಸೇರಿದ್ದವು. ಬಿಎಂಡಬ್ಲ್ಯು ಎಂ3ರ ಎಸ್‌ಎಂಜಿ, ಮಸೆರಾಟಿಯ ಕ್ಯಾಂಬಿಯೊಕೋರ್ಸಾ, ಆಸ್ಟನ್ ಮಾರ್ಟಿನ್ ವ್ಯಾಂಕ್ವಿಶ್, ಲ್ಯಾಂಬೋರ್ಗಿನಿ ಗಲಾರ್ಡೊದ ಇ-ಗೇರ್ ಎಲ್ಲವೂ ಒಂದೇ ಬಳಗದವು. ಗೇರ್ ಬದಲಾವಣೆಯ ಸಮಯ 2007ರ ಫೆರಾರಿ 430 ಸ್ಕುಡೆರಿಯಾದಲ್ಲಿ 60 ಮಿಲಿಸೆಕೆಂಡಿಗೆ ಇಳಿಯಿತು. ಆದರೆ ಅದಕ್ಕೆ ಮೊದಲೇ, 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನಲ್ಲಿ ಎರಡು ಕ್ಲಚ್ಚಿನ ಡಿಎಸ್‌ಜಿ ತಂದಾಗಿತ್ತು. 2009ರ ಫೆರಾರಿ 458 ಇಟಾಲಿಯಾ ಎಣ್ಣೆಯಲ್ಲಿ ಮುಳುಗಿದ ಜೋಡಿ ಕ್ಲಚ್ಚಿನೊಂದಿಗೇ ಬಂತು. ಒಂದೇ ಕ್ಲಚ್ಚಿನ ಹಟವನ್ನು ಆಮೇಲೂ ಬಹುಕಾಲ ಹಿಡಿದದ್ದು ಲ್ಯಾಂಬೋರ್ಗಿನಿ ಅವೆಂಟಡಾರ್. ಅದರ ತಯಾರಿಕೆ 2022ರಲ್ಲಿ ನಿಂತಿತು.

ಹೊಸದಿದ್ದಾಗ 360, 430 ಕೊಂಡವರಲ್ಲಿ ಹೆಚ್ಚಿನವರು ಹೆಚ್ಚುವರಿ ಹಣ ಕೊಟ್ಟು ಎಫ್1 ಗೇರ್‌ಬಾಕ್ಸನ್ನೇ ಆರಿಸಿದ್ದರು. ಇಂದು ಪೆಡಲ್ ಇರುವ ಮ್ಯಾನುಯಲ್ ಕಾರುಗಳೇ ಬಹಳ ದುಬಾರಿ. ಎಫ್1 ಕಾರನ್ನು ಬಿಚ್ಚಿ ಮ್ಯಾನುಯಲ್ ಮಾಡಿಕೊಡುವ ಗ್ಯಾರೇಜುಗಳೂ ಹುಟ್ಟಿಕೊಂಡಿವೆ!

ಈ ಕತೆಯ ಒಂದು ಕವಲು ನಮ್ಮ ಬೀದಿಗೂ ಬಂದಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ, ಅಂದರೆ ತಾನೇ ಗೇರ್ ಬದಲಿಸಿಕೊಳ್ಳುವ ಮ್ಯಾನುಯಲ್ ಗೇರ್‌ಬಾಕ್ಸಿನ ಕಾರು, ಬಂದಾಗ ಅದರ ಆರಂಭಿಕ ಬೆಲೆ 5 ಲಕ್ಷ ರೂಪಾಯಿಗಿಂತ ಕಡಿಮೆ. ಅದರಲ್ಲಿ ಗೇರ್ ಬದಲಿಸುವ ವ್ಯವಸ್ಥೆ ಕೊಟ್ಟದ್ದು ಅದೇ ಮ್ಯಾಗ್ನೆಟಿ ಮರೆಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚೇ ಸರಿಯುವ ಎಎಂಟಿಯೊಳಗೂ ಒಣ ಕ್ಲಚ್ ಪ್ಲೇಟೇ ಉಜ್ಜುತ್ತಿರುತ್ತದೆ. ಅಂಥ ಕಾರು ಕೊಳ್ಳುವವರು ಆಟೊಮ್ಯಾಟಿಕ್ ಎಂದು ನಂಬಿ ಕ್ಲಚ್ ವಿಚಾರವನ್ನೇ ಎತ್ತದಿರುವುದು ಸಾಮಾನ್ಯ. ಫೆರಾರಿಯಾಗಲಿ ಸೆಲೆರಿಯೊ ಆಗಲಿ, ಕ್ಲಚ್ ಬದಲಿಸಿದ ಬಿಲ್ ಕೇಳಿ, ಅದರ ಮೇಲಿನ ತಾರೀಖು ಮತ್ತು ಕಿಲೋಮೀಟರ್ ನೋಡಿ, ಕಾರನ್ನು ಬಿಸಿಯಾಗುವವರೆಗೆ ಓಡಿಸಿ, ಒಂದು ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಸ್ಕ್ಯಾನರಿನ ಅಂಕಿಯೂ ಬಿಲ್ಲೂ ತಾಳೆಯಾಗದಿದ್ದರೆ ಮುಂಗಡ ಕೊಡಬೇಡಿ.