ಹೆಡ್‌ಲೈಟ್ ಒಳಗೆ ಮಂಜು ಕಟ್ಟಿದೆಯೇ? ಓವನ್‌ನಲ್ಲಿಟ್ಟು ಬಿಚ್ಚುವ ಮೊದಲು ಇದನ್ನು ಓದಿ

ಮಳೆಗಾಲದಲ್ಲಿ ಫೋನಿಗೆ ಬಂದು ಬೀಳುವ ವೀಡಿಯೊಗಳಲ್ಲಿ ಇದೂ ಒಂದು. ಯಾರೋ ಕಾರಿನ ಹೆಡ್‌ಲೈಟ್ ಬಿಚ್ಚಿ ತಂದು ಅಡುಗೆಮನೆಯ ಓವನ್‌ನಲ್ಲಿ ಇಡುತ್ತಾರೆ. ಹತ್ತು ನಿಮಿಷ ಬಿಟ್ಟು ಹೊರತೆಗೆದು, ಸ್ಕ್ರೂಡ್ರೈವರ್ ಹಾಕಿ ಮುಂದಿನ ಗಾಜನ್ನು ಎಬ್ಬಿಸುತ್ತಾರೆ. ಒಳಗೆ ಹೊಸ ಪ್ರೊಜೆಕ್ಟರ್ ಕೂರಿಸಿ, ಸುತ್ತ ಬಣ್ಣದ ಉಂಗುರ ಹಚ್ಚಿ, ಸಿಲಿಕೋನ್ ಬಳಿದು ಮುಚ್ಚುತ್ತಾರೆ. ‘ಗ್ಯಾರೇಜಿಗೆ ಸಾವಿರಾರು ರೂಪಾಯಿ ಕೊಡಬೇಡಿ, ಮನೆಯಲ್ಲೇ ಮಾಡಿ’ ಎಂಬ ಸಾಲು ಕೊನೆಗೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಕಾರು ಇಟ್ಟುಕೊಂಡವರಿಗೆ ಈ ವೀಡಿಯೊ ಬಹಳ ಆಕರ್ಷಕ. ವರ್ಷಕ್ಕೆ 4,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಿದು. ಆಟಿ ತಿಂಗಳಲ್ಲಿ ಹೆಡ್‌ಲೈಟ್ ಒಳಗೆ ಮಂಜು ಕಟ್ಟದ ಕಾರು ಕಡಿಮೆ. ಹಾಗಾದರೆ ವೀಡಿಯೊ ಹೇಳುವುದು ನಿಜವೇ?

ಚುಟುಕಾಗಿ ಹೇಳುವುದಾದರೆ: ಕೆಲವು ಹೆಡ್‌ಲೈಟ್‌ಗಳನ್ನು ಬಿಸಿ ಮಾಡಿ ಬಿಚ್ಚಬಹುದು, ಅಷ್ಟು ನಿಜ. ಆದರೆ ಮಂಜು ಹೋಗಿಸಲು ಬಿಚ್ಚುವ ಅಗತ್ಯವೇ ಹೆಚ್ಚಿನ ಸಲ ಇರುವುದಿಲ್ಲ. ಬಿಚ್ಚಿ, ಬದಲಿಸಿ, ಮುಚ್ಚಿದ ಮೇಲೆ ಬೆಳಕಿನ ದಿಕ್ಕು ಸ್ವಲ್ಪ ತಪ್ಪಿದರೂ ಅದರ ಪೆಟ್ಟು ಬೀಳುವುದು ಎದುರಿನಿಂದ ಬರುವವರ ಕಣ್ಣಿಗೆ.

ಹೆಡ್‌ಲೈಟ್ ಒಳಗೆ ಏನಿದೆ?

ಹಿಂದಿನ ಅಂಬಾಸಿಡರ್, ಪದ್ಮಿನಿಗಳಲ್ಲಿ ಗುಂಡಗಿನ ಗಾಜಿನ ದೀಪ ಇರುತ್ತಿತ್ತು. ಇಂದಿನ ಹೆಡ್‌ಲೈಟ್‌ನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗೀರುಗಳನ್ನು ತಡೆಯಲು ಅದರ ಮೇಲೊಂದು ತೆಳು ಲೇಪನವಿದೆ. ಹಿಂಭಾಗದ ಡಬ್ಬಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಎರಡನ್ನೂ ಅಂಟಿಸುವುದು ಸುತ್ತಲಿನ ಕಾಲುವೆಯಂಥ ಗೀರಿನಲ್ಲಿ ತುಂಬಿದ ಅಂಟು. ಒಳಗಿನ ಹೊಳೆಯುವ ರಿಫ್ಲೆಕ್ಟರ್, ಪ್ಲಾಸ್ಟಿಕ್ ಮೇಲೆ ಕೂರಿಸಿದ ಅತ್ಯಂತ ತೆಳುವಾದ ಅಲ್ಯೂಮಿನಿಯಂ ಪದರ. ಬಟ್ಟೆಯಿಂದ ಒಮ್ಮೆ ಒರೆಸಿದರೂ ಅದರ ಮೇಲೆ ಗೀರು ಬೀಳುತ್ತದೆ.

ಕಾಪುವಿನ ದೀಪಸ್ತಂಭವನ್ನು ನೆನಪಿಸಿಕೊಳ್ಳಿ. 1901ರಲ್ಲಿ ಕಟ್ಟಿದ ಅದು ದೂರದ ದೋಣಿಗಳಿಗೆ ಕಾಣುವುದು ದೀಪ ದೊಡ್ಡದೆಂಬ ಒಂದೇ ಕಾರಣಕ್ಕಲ್ಲ. ಎಲ್ಲ ದಿಕ್ಕಿಗೂ ಚೆಲ್ಲಿಹೋಗಬಹುದಾದ ಬೆಳಕನ್ನು ಮಸೂರಗಳು ಒಟ್ಟುಮಾಡಿ ಬೇಕಾದ ಕಡೆಗೆ ಕಳಿಸುತ್ತವೆ. ಹೆಡ್‌ಲೈಟ್ ಕೂಡ ಹಾಗೆಯೇ. ಒಂದು ವ್ಯತ್ಯಾಸವೆಂದರೆ, ಎಲ್ಲಿಗೆ ಬೆಳಕು ಹೋಗಬೇಕು ಎಂಬಷ್ಟೇ ಎಲ್ಲಿಗೆ ಹೋಗಬಾರದು ಎಂಬುದೂ ಇಲ್ಲಿ ಮುಖ್ಯ.

ಹೇಳಿಕೆ 1: ‘ಒಳಗೆ ಮಂಜು ಕಟ್ಟಿದರೆ ಸೀಲ್ ಹೋಗಿದೆ ಎಂದೇ ಅರ್ಥ’

ಇದು ಹೆಚ್ಚಿನ ಸಲ ತಪ್ಪು. ಹೆಡ್‌ಲೈಟ್ ಪೂರ್ತಿ ಮುಚ್ಚಿದ ಡಬ್ಬಿಯಲ್ಲ, ಅದು ಉಸಿರಾಡುತ್ತದೆ. ದೀಪ ಉರಿದು ಒಳಗಿನ ಗಾಳಿ 25 ಡಿಗ್ರಿಯಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ, ಗಾಳಿ ಹಿಗ್ಗಿ ಏಳರಲ್ಲಿ ಒಂದು ಪಾಲು ಹೊರಹೋಗುತ್ತದೆ. ಅದಕ್ಕೆ ದಾರಿ ಇಲ್ಲದಿದ್ದರೆ ಒತ್ತಡವೆಲ್ಲ ಸೀಲ್ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಹಿಂಭಾಗದಲ್ಲಿ ಸಣ್ಣ ಗಾಳಿಕಂಡಿ ಇಟ್ಟಿರುತ್ತಾರೆ.

ದೀಪ ಆರಿಸಿದಾಗ ಅಷ್ಟೇ ಗಾಳಿ ಹೊರಗಿನಿಂದ ಒಳಬರುತ್ತದೆ. ಜುಲೈ ತಿಂಗಳ ಉಡುಪಿಯಲ್ಲಿ ಆ ಗಾಳಿಯ ತುಂಬ ತೇವ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಮಳೆನೀರು ಬಿದ್ದು ಮುಂದಿನ ಪ್ಲಾಸ್ಟಿಕ್ ತಣ್ಣಗಾದಾಗ ಹೆಚ್ಚಾದ ಆವಿ ಅದರ ಒಳಮೈಗೆ ಮಂಜಾಗಿ ಅಂಟುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದು ಇದೇ ಕಾರಣಕ್ಕೆ.

ದೀಪ ಹಚ್ಚಿ ಅರ್ಧ ಗಂಟೆ ಓಡಿಸಿದಾಗ, ಅಥವಾ ಬಿಸಿಲು ಬಂದ ದಿನ ಈ ಮಂಜು ಹೋದರೆ ಚಿಂತೆ ಬೇಡ. ಎಲ್‌ಇಡಿ ದೀಪಗಳು ಮುಂದಕ್ಕೆ ಹೆಚ್ಚು ಶಾಖ ಬಿಡುವುದಿಲ್ಲ, ಹಾಗಾಗಿ ಅವುಗಳಲ್ಲಿ ಮಂಜು ಆರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಹನಿಗಳು ಇಳಿದು ತಳದಲ್ಲಿ ನೀರು ನಿಂತಿದ್ದರೆ ಅದು ಸೋರಿಕೆಯೇ.

ಸೋರಿಕೆ ಎಂದ ಕೂಡಲೇ ಮುಂಭಾಗ ಬಿಚ್ಚಬೇಕೆಂದಿಲ್ಲ. ಮೊದಲು ಹಿಂಭಾಗ ನೋಡಿ. ಬಲ್ಬ್ ಬದಲಿಸಿದವರು ರಬ್ಬರ್ ಮುಚ್ಚಳವನ್ನು ಸರಿಯಾಗಿ ಕೂರಿಸದೆ ಬಿಟ್ಟಿರಬಹುದು. ಗಾಳಿಕಂಡಿಯ ಕೊಳವೆ ಕಳಚಿರಬಹುದು, ಕೆಸರು ಕಟ್ಟಿರಬಹುದು. ಎಲ್ಲೋ ಬಿರುಕು ಇರಬಹುದು.

ಹೇಳಿಕೆ 2: ‘ಓವನ್‌ನಲ್ಲಿ 100 ಡಿಗ್ರಿಗೆ ಹತ್ತು ನಿಮಿಷ ಇಟ್ಟರೆ ಸಾಕು’

ಅರ್ಧ ಸತ್ಯ. ಅಂಟು ಬ್ಯುಟೈಲ್ ರಬ್ಬರ್ ಆಗಿದ್ದರೆ ಬಿಸಿಗೆ ಅದು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಹಲವು ಹೊಸ ಕಾರುಗಳಲ್ಲಿ ಶಾಶ್ವತವಾಗಿ ಗಟ್ಟಿಯಾಗುವ ಅಂಟು ಬಳಸುತ್ತಾರೆ. ಅದನ್ನು ಎಷ್ಟು ಕಾಯಿಸಿದರೂ ಬಿಡುವುದಿಲ್ಲ. ಎಬ್ಬಿಸಲು ಹೋದರೆ ಒಡೆಯುವುದು ಪ್ಲಾಸ್ಟಿಕ್.

ಇನ್ನು ಓವನ್ ಮಾತು. ಪಾಲಿಕಾರ್ಬೊನೇಟ್ ಮೆತ್ತಗಾಗಲು 145 ಡಿಗ್ರಿಯ ಆಸುಪಾಸು ಬೇಕು. ಹಿಂದಿನ ಡಬ್ಬಿ ಅದಕ್ಕಿಂತ ಕಡಿಮೆ ಬಿಸಿಗೇ ಭಾರ ತಡೆಯದೆ ಬಾಗಬಹುದು. ಮನೆಯ ಓವನ್‌ನ ಗುಂಡಿಯಲ್ಲಿ 100 ಎಂದಿದ್ದರೂ ಕೆಂಪಗಾದ ಸರಳಿನ ಹತ್ತಿರದ ಬಿಸಿ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಹಾಟ್ ಏರ್ ಗನ್‌ನ ಗಾಳಿಯಂತೂ 300 ಡಿಗ್ರಿ ದಾಟಬಲ್ಲದು. ರಿಫ್ಲೆಕ್ಟರ್ ಹಿಡಿದ ಸಣ್ಣ ಕೊಕ್ಕೆ ಕೂದಲೆಳೆಯಷ್ಟು ಬಾಗಿದರೂ ಬೆಳಕಿನ ದಿಕ್ಕು ಬದಲಾಗುತ್ತದೆ. ಮೈಕ್ರೊವೇವ್‌ನಲ್ಲಂತೂ ಇಡಲೇಬೇಡಿ: ಒಳಗೆ ಲೋಹವಿದೆ, ಕಿಡಿ ಹಾರುತ್ತದೆ. ಪ್ಲಾಸ್ಟಿಕ್, ಅಂಟು ಕಾಯಿಸಿದ ಓವನ್‌ನಲ್ಲಿ ಮತ್ತೆ ಅಡುಗೆ ಮಾಡುವುದೂ ಒಳ್ಳೆಯದಲ್ಲ.

ಹೇಳಿಕೆ 3: ‘ಮುಚ್ಚಲು ಯಾವ ಸಿಲಿಕೋನ್ ಆದರೂ ಆಗುತ್ತದೆ’

ತಪ್ಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಬಚ್ಚಲುಮನೆ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಡಬ್ಬಿಯೊಳಗೆ ಅದು ರಿಫ್ಲೆಕ್ಟರ್‌ನ ಅಲ್ಯೂಮಿನಿಯಂ ಮತ್ತು ವಿದ್ಯುತ್ ಸಂಪರ್ಕಗಳನ್ನು ತಿನ್ನಬಲ್ಲದು. ಹಳೆಯ ಅಂಟಿನ ಮೇಲೆಯೇ ಹೊಸದನ್ನು ಬಳಿದರೆ ಹಿಡಿತವೂ ಬರುವುದಿಲ್ಲ.

ಸರಿಯಾದ ಕ್ರಮವೆಂದರೆ, ಗೀರಿನಲ್ಲಿರುವ ಹಳೆಯ ಅಂಟನ್ನು ಪೂರ್ತಿ ತೆಗೆಯಬೇಕು. ಹೆಡ್‌ಲೈಟ್‌ಗೆಂದೇ ಸಿಗುವ ಹೊಸ ಬ್ಯುಟೈಲ್ ಹಗ್ಗವನ್ನು ಎಲ್ಲೂ ತುಂಡಾಗದಂತೆ ಸುತ್ತ ಕೂರಿಸಬೇಕು. ಮತ್ತೆ ಹದವಾಗಿ ಬಿಸಿ ಮಾಡಿ, ಸುತ್ತಲೂ ಸಮನಾಗಿ ಒತ್ತಿ, ಕ್ಲಿಪ್ ಮತ್ತು ಸ್ಕ್ರೂ ಹಾಕಬೇಕು. ತೇವ ಕಡಿಮೆ ಇರುವ ದಿನ ಮುಚ್ಚಬೇಕು. ಜಡಿಮಳೆಯ ದಿನ ಮುಚ್ಚಿದರೆ ಆ ದಿನದ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಕೊನೆಗೆ ದೀಪ ಕಾಲು ಗಂಟೆ ಉರಿಸಿ, ಆರಿಸಿ, ಪೈಪಿನಿಂದ ನೀರು ಹಾಯಿಸಿ ಮರುದಿನ ನೋಡಬೇಕು. ಗಾಳಿ ಒಳಗೆಳೆಯುವ ಆ ಹೊತ್ತಿನಲ್ಲೇ ಸೋರಿಕೆ ಬಯಲಾಗುವುದು.

ಹೇಳಿಕೆ 4: ‘ತಳಕ್ಕೆ ತೂತು ಕೊರೆಯಿರಿ, ಇಲ್ಲವೇ ಸಿಲಿಕಾ ಜೆಲ್ ಪೊಟ್ಟಣ ಹಾಕಿ’

ಎರಡೂ ಬೇಡ. ತೂತಿನಲ್ಲಿ ನೀರು ಹೊರಹೋಗುವಂತೆಯೇ ಚಕ್ರ ಹಾರಿಸಿದ ಕೆಸರು, ಹುಳ, ಸಮುದ್ರದ ಉಪ್ಪುಗಾಳಿ ಒಳಬರುತ್ತವೆ. ಕಾಪು, ಮಲ್ಪೆಯ ಕಡಲಂಚಿನಲ್ಲಿ ಕಾರು ನಿಲ್ಲಿಸುವವರಿಗೆ ಉಪ್ಪಿನ ಕೆಲಸ ಗೊತ್ತೇ ಇದೆ. ಸಿಲಿಕಾ ಜೆಲ್, ಗಾಳಿಕಂಡಿ ತೆರೆದಿರುವ ಡಬ್ಬಿಯಲ್ಲಿ ಬೇಗನೆ ತೇವ ತುಂಬಿ ನಿರುಪಯೋಗಿಯಾಗುತ್ತದೆ. ಪೊಟ್ಟಣ ಜಾರಿ ಬಿಸಿ ಬಲ್ಬ್‌ಗೆ ತಾಗಿದರೆ ಸುಡಬಹುದು.

ಹೇಳಿಕೆ 5: ‘ಟೂತ್‌ಪೇಸ್ಟ್ ಉಜ್ಜಿದರೆ ಹಳದಿ ಹೋಗಿ ಹೊಸದಾಗುತ್ತದೆ’

ತಾತ್ಕಾಲಿಕ. ಟೂತ್‌ಪೇಸ್ಟ್‌ನ ನುಣುಪು ಪುಡಿ ಮೇಲಿನ ಹಳದಿ ಪದರವನ್ನು ತುಸು ಸವೆಸುತ್ತದೆ. ಜೊತೆಗೆ ಉಳಿದ ರಕ್ಷಣಾ ಲೇಪನವೂ ಸವೆಯುತ್ತದೆ. ಅದಕ್ಕೇ ಕೆಲವು ತಿಂಗಳಲ್ಲಿ ಹಳದಿ ಮರಳುತ್ತದೆ. ಪಾಲಿಶ್ ಮಾಡಿಸಿದರೆ ಅತಿನೇರಳೆ ತಡೆಯುವ ಲೇಪನವನ್ನೂ ಹಾಕಿಸಿ. ಪೆಟ್ರೋಲ್, ಥಿನ್ನರ್, ಸೊಳ್ಳೆ ಓಡಿಸುವ ಸ್ಪ್ರೇ ಹಾಕಿ ಒರೆಸುವ ಸಲಹೆಗಳನ್ನು ನಂಬಬೇಡಿ. ಅವು ಪಾಲಿಕಾರ್ಬೊನೇಟ್ ಅನ್ನೇ ಕೆಡಿಸುತ್ತವೆ.

ಹೇಳಿಕೆ 6: ‘ಪ್ರೊಜೆಕ್ಟರ್, ಎಲ್‌ಇಡಿ ಹಾಕಿದರೆ ರಾತ್ರಿ ಹೆಚ್ಚು ಸುರಕ್ಷಿತ’

ನಿಜವಾದ ಅಪಾಯ ಇಲ್ಲಿದೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಹ್ಯಾಲೊಜೆನ್ ಹೆಡ್‌ಲೈಟ್‌ನ ರಿಫ್ಲೆಕ್ಟರ್ ರೂಪಿಸುವುದು ಕೆಲವೇ ಮಿಲಿಮೀಟರ್ ಉದ್ದದ ತಂತಿಯ ಜಾಗವನ್ನು ಲೆಕ್ಕ ಹಾಕಿ. ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಬೆಳಕು ಹುಟ್ಟುವ ಬಿಂದುವೇ ಸರಿಯುತ್ತದೆ. ಬೆಳಕು ಹೆಚ್ಚಿದರೂ ಅದು ಚೆಲ್ಲಾಪಿಲ್ಲಿ. ನಿಮ್ಮ ಮುಂದಿನ ಹತ್ತಿಪ್ಪತ್ತು ಮೀಟರ್ ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪಿಗೆ ಕಣ್ಣಿನ ಪಾಪೆ ಕಿರಿದಾಗಿ, ದೂರದ ಕತ್ತಲಲ್ಲಿ ನಡೆಯುವವರು ಮೊದಲಿಗಿಂತ ಕಡಿಮೆ ಕಾಣಬಹುದು. ಮಳೆಯಲ್ಲಿ ಇದು ಇನ್ನೂ ಹೆಚ್ಚು.

ಇನ್ನೊಂದು ಲೆಕ್ಕ. ನೆಲದಿಂದ 65 ಸೆಂಟಿಮೀಟರ್ ಎತ್ತರದ ಹೆಡ್‌ಲೈಟ್‌ನ ಲೋ ಬೀಮ್ ಶೇಕಡಾ 1ರಷ್ಟು ಕೆಳಗೆ ಬಾಗಿದ್ದರೆ, ಅದರ ಮೇಲಂಚು 65 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಮನೆಯಲ್ಲಿ ಕೂರಿಸಿದ ಪ್ರೊಜೆಕ್ಟರ್ 2 ಡಿಗ್ರಿ ಮೇಲಕ್ಕೆ ತಿರುಗಿತು ಎನ್ನಿ. ಅದೇ ಅಂಚು 50 ಮೀಟರ್ ದೂರದಲ್ಲಿ ಸುಮಾರು 190 ಸೆಂಟಿಮೀಟರ್ ಎತ್ತರಕ್ಕೆ ಏರುತ್ತದೆ. ಎದುರಿನ ಕಾರಿನವರ ಕಣ್ಣು, ಬೈಕಿನವರ ಕಣ್ಣು ಎರಡೂ ಅದಕ್ಕಿಂತ ಕೆಳಗಿವೆ.

ಮತ್ತೊಂದನ್ನು ಹಲವರು ಗಮನಿಸುವುದೇ ಇಲ್ಲ. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಆದ್ದರಿಂದ ನಮ್ಮ ಲೋ ಬೀಮ್ ಎಡಗಡೆಯ ಅಂಚಿನಲ್ಲಿ ತುಸು ಮೇಲೇರುತ್ತದೆ. ರಸ್ತೆಬದಿಯಲ್ಲಿ ನಡೆಯುವವರು ಕಾಣಲಿ ಎಂದು ಹಾಗೆ. ಬಲಕ್ಕೆ ಓಡಿಸುವ ದೇಶಗಳಿಗೆಂದು ಮಾಡಿದ ಪ್ರೊಜೆಕ್ಟರ್ ತರಿಸಿ ಹಾಕಿದರೆ ಆ ಏರು ಬಲಕ್ಕೆ, ಅಂದರೆ ನೇರವಾಗಿ ಎದುರಿನವರ ಕಣ್ಣಿಗೆ ಬೀಳುತ್ತದೆ.

ಕಾಪುವಿನ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಡುವೆ ಡಿವೈಡರ್ ಇದೆ. ಆದರೆ ಪಡುಬಿದ್ರಿಯಿಂದ ಬೆಳ್ಮಣ್ ಮೂಲಕ ಕಾರ್ಕಳಕ್ಕೆ, ಅಥವಾ ಮಣಿಪಾಲದಿಂದ ಹಿರಿಯಡಕದ ಕಡೆಗೆ ಹೋಗುವಾಗ ತಿರುವು, ಏರಿಳಿತಗಳಲ್ಲಿ ಎದುರಿನ ದೀಪ ಹಠಾತ್ತನೆ ಮುಖಕ್ಕೆ ಬೀಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಕತ್ತಲಾದರೆ ವಾಹನ 50 ಮೀಟರ್ ಮುಂದೆ ಹೋಗಿರುತ್ತದೆ. ಹೆಲ್ಮೆಟ್ ಗಾಜಿನ ಮೇಲೆ ಮಳೆಹನಿ ಇರುವ ಬೈಕ್ ಸವಾರರಿಗೆ ಒಂದೊಂದು ಹನಿಯೂ ಒಂದೊಂದು ದೀಪ. ಕಣ್ಣಿನ ಪೊರೆ ಶುರುವಾದ ಹಿರಿಯರಿಗೆ ಬೆಳಕು ಕಣ್ಣೊಳಗೇ ಚದುರಿ, ರಸ್ತೆಯೇ ಮಾಯವಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮ 106ರ ಪ್ರಕಾರ ಮುಂದಿನ ದೀಪದ ಬೆಳಕು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕು. 8 ಮೀಟರ್ ಮುಂದೆ, ವಾಹನದ ಬಲಕ್ಕೆ ಅರ್ಧ ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕುಕ್ಕಬಾರದು. ಮುಂದಕ್ಕೆ ಕೆಂಪು ದೀಪ ತೋರಿಸುವುದೂ ನಿಷಿದ್ಧ, ‘ಡೆವಿಲ್ ಐ’ ಹಾಕಿಸುವವರು ಗಮನಿಸಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು.

ಕರ್ನಾಟಕದಲ್ಲಿ 2024ರ ಜುಲೈಯಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯವ್ಯಾಪಿ ಕಾರ್ಯಾಚರಣೆ ನಡೆಯಿತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್, 177ನೇ ಕಲಮಿನಡಿ ಪ್ರಕರಣ ದಾಖಲಿಸಲು ಸೂಚಿಸಿದ್ದರು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಹಿಂದಿನ ಮುಚ್ಚಳ, ಗಾಳಿಕಂಡಿ ಪರೀಕ್ಷಿಸಿ. ಬಲ್ಬ್ ಹೋದರೆ ಅದೇ ನಮೂನೆಯ, ಅದೇ ವ್ಯಾಟ್‌ನ ಬಲ್ಬ್ ಹಾಕಿ. ಬೆಳಕು ಮಂಕೆನಿಸಿದರೆ ಮುಂದಿನ ಪ್ಲಾಸ್ಟಿಕ್ ಹಳದಿಯಾಗಿದೆಯೇ, ಸಂಪರ್ಕಗಳಲ್ಲಿ ಕಿಲುಬು ಹಿಡಿದಿದೆಯೇ ನೋಡಿ. ಸೀಲ್ ನಿಜವಾಗಿಯೂ ಹೋಗಿದ್ದರೆ ತಿಳಿದವರಿಂದ ಮತ್ತೆ ಅಂಟಿಸಿ, ಅಥವಾ ಅದೇ ಮಾದರಿಯ ಹೆಡ್‌ಲೈಟ್ ಹಾಕಿಸಿ.

ಬಿಚ್ಚಿದವರು, ಬಿಚ್ಚದವರು ಎಲ್ಲರೂ ಮಾಡಬಹುದಾದ ಪರೀಕ್ಷೆ ಇದು. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿ. ಲೋ ಬೀಮ್ ಹಚ್ಚಿ, ಬೆಳಕಿನ ಮೇಲಂಚಿಗೆ ಗೋಡೆಯಲ್ಲಿ ಗುರುತು ಹಾಕಿ. ನೇರವಾಗಿ 5 ಮೀಟರ್ ಹಿಂದೆ ಸರಿಯಿರಿ. ಈಗ ಅಂಚು ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಹಲವು ಕಾರುಗಳಲ್ಲಿ ಹೆಡ್‌ಲೈಟ್ ಬಳಿಯೇ ಇಳಿಜಾರಿನ ಶೇಕಡಾವಾರು ಬರೆದಿರುತ್ತದೆ, ಅದನ್ನು ಅನುಸರಿಸಿ. ಅಂಚು ಗುರುತಿಗಿಂತ ಮೇಲಿದ್ದರೆ ಇಂದೇ ಸರಿಪಡಿಸಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಬಂದುಹೋಗುವ ಮಂಜಿಗೆ ಹೆಡ್‌ಲೈಟ್ ಬಿಚ್ಚಬೇಡಿ. ನೀರು ನಿಂತರೆ ಮೊದಲು ಹಿಂದಿನ ಮುಚ್ಚಳ ನೋಡಿ. ಏನೇ ರಿಪೇರಿ ಆದರೂ ಗೋಡೆಯ ಪರೀಕ್ಷೆ ಮಾಡದೆ ರಾತ್ರಿ ರಸ್ತೆಗಿಳಿಯಬೇಡಿ.