ಜೂನ್ ಒಂದರ ಹುಟ್ಟುಹಬ್ಬ ಮತ್ತು ಕುಮಟೆಯ ದಾರಿ



2024ರ ಜೂನ್ 1ರಂದು ನನ್ನ ಶ್ರೀಮತಿಗೆ ಎಪ್ಪತ್ತು ವರ್ಷ ತುಂಬಿತು. ತುಂಬಿತೆಂದು ಶಾಲೆಯ ದಾಖಲೆ ಹೇಳುತ್ತದೆ. ಆಕೆಯ ತಾಯಿ ಹೇಳುತ್ತಿದ್ದುದು ಬೇರೆ: ಸೀಗಿ ಹುಣ್ಣಿಮೆ ಕಳೆದ ಮೂರನೆಯ ದಿನ ಹುಟ್ಟಿದವಳು ಎಂದು. ಆಗ ಹಳ್ಳಿಯಲ್ಲಿ ತಾರೀಖು ಬರೆದಿಡುವವರು ಯಾರು? ಮಗುವಿನ ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿಯನ್ನು ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತೆಂದು ಲೆಕ್ಕ. ಶಾಲೆ ಆರಂಭವಾಗುವ ಜೂನ್ ಒಂದೇ ಅದರ ಜನ್ಮದಿನ. ನಾನೂ ಎಷ್ಟೋ ಮಕ್ಕಳಿಗೆ ಹಾಗೆಯೇ ಬರೆದಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಅಂಥವರಿದ್ದೀರಿ.

"ಏನು ಬೇಕು ಹೇಳು" ಎಂದು ಕೇಳಿದೆ. "ಸಮುದ್ರ ನೋಡಬೇಕ್ರೀ" ಎಂದಳು. ರಾಮನಿಗಾಗಿ ಕಾದ ಶಬರಿಯ ಹೆಸರಿನ ಕೊಳ್ಳ ನಮ್ಮ ಸುರೇಬಾನದ ಸಮೀಪವೇ ಇದೆ. ಆ ಊರಿನಲ್ಲಿದ್ದುಕೊಂಡು ಈಕೆ ಇಷ್ಟು ವರ್ಷ ಕಾದದ್ದು ನನಗೆ ತಿಳಿದೇ ಇರಲಿಲ್ಲ.

ಬಾಡಿಗೆ ಕಾರಿನಲ್ಲಿ ರೊಟ್ಟಿಬುತ್ತಿ ಇಟ್ಟುಕೊಂಡು ಹೊರಟೆವು. ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟವಿಳಿದು ಅಂಕೋಲೆ. ಅಲ್ಲಿಂದ ಕಾರವಾರದಲ್ಲಿ ವಸತಿ. ಘಟ್ಟದ ತಿರುವುಗಳಲ್ಲಿ ನನಗೆ ನೆನಪಾದದ್ದು ಹತ್ತಿ.

ನಮ್ಮ ಎರೆಭೂಮಿಯ ದೇಶಿ ಹತ್ತಿಗೆ ಮುಂಬಯಿಯ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಧಾರವಾಡ ಸೀಮೆಯ ಹೊಲಗಳಲ್ಲಿ ಬೆಳೆದದ್ದು ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಏರುತ್ತಿತ್ತು. ಏರಿದ ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬೆಲೆ ಬಂದಿತು. ಹತ್ತಿ ಬೆಳೆಯುವ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು, ಕಾರವಾರ ಬಂದರು ಮದರಾಸಿನ ಆಡಳಿತದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಒಂದು ಜಿಲ್ಲೆಯ ಗಡಿಯನ್ನು ಬದಲಿಸುವಷ್ಟು ಬಲ ನಮ್ಮ ಹತ್ತಿಗಿತ್ತು ಎಂದರೆ ಇಂದಿನ ಹುಡುಗರು ನಂಬಲಾರರು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಹೋದ ಮೇಲೆ ಚಕ್ಕಡಿಗಳ ಸಾಲು ಕರಗಿತು, ಕುಮಟೆಯ ಬಂದರು ಸೊರಗಿತು.

ನಮ್ಮ ಮುತ್ತಜ್ಜ ಕುಮಟೆಗೆ ಚಕ್ಕಡಿ ಹೊಡೆದವನೆಂದು ಅಜ್ಜಿ ಹೇಳುತ್ತಿದ್ದಳು. ಯಾವ ವರ್ಷ, ಎಷ್ಟು ಸಲ, ಯಾರಿಗೂ ಗೊತ್ತಿಲ್ಲ. ಹೋದ ಹತ್ತಿಗೆ ಸರಕಾರದ ಪುಸ್ತಕದಲ್ಲಿ ಲೆಕ್ಕವಿದೆ. ಎತ್ತಿನ ಹಿಂದೆ ನಡೆದವನಿಗೆ ಇಲ್ಲ.

ಜೂನ್ ಒಂದರ ಬೆಳಿಗ್ಗೆ ಕಾರವಾರದ ದಂಡೆಗೆ ಹೋದೆವು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದರು. ದಂಡೆಗೆ ಈಗ ಅವರದೇ ಹೆಸರು. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಆರಂಭವಾಗುವುದೂ ಜೂನ್ ಒಂದರಂದೇ. ಬೈತಖೋಲದಲ್ಲಿ ದೋಣಿಗಳೆಲ್ಲ ಲಂಗರು ಹಾಕಿದ್ದವು. ಶ್ರೀಮತಿ ಸೀರೆಯ ನೆರಿಗೆ ಎತ್ತಿ ಹಿಡಿದು ಬಹಳ ಹೊತ್ತು ತೆರೆಯಲ್ಲಿ ನಿಂತಳು. "ಕಾಲಡಿ ಮಳಲು ಜಾರತೈತ್ರೀ, ಕೈ ಹಿಡೀರಿ" ಎಂದಳು. ಮದುವೆಯಾಗಿ ಐವತ್ತು ವರ್ಷವಾದರೂ ನಾಲ್ಕು ಜನರ ಎದುರು ನಾನು ಆಕೆಯ ಕೈ ಹಿಡಿದದ್ದು ಅದೇ ಮೊದಲು.

ಕಾಳಿ ನದಿಯ ಹೊಸ ಸೇತುವೆಯ ಮೇಲೆ ಸದಾಶಿವಗಡಕ್ಕೆ ಹೋಗಿ, ಹಳೆಯ ಸೇತುವೆಯ ಮೇಲೆ ಮರಳಿದೆವು. ಅನಂತರ ಹೆದ್ದಾರಿ ಹಿಡಿದು ದಕ್ಷಿಣಕ್ಕೆ. ಬಲಗಡೆ ಆಗಾಗ ಕಡಲು, ಎಡಗಡೆ ಗುಡ್ಡ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಕಾರವಾರದಿಂದ ಹೊನ್ನಾವರದೊಳಗೆ ನಾಲ್ಕು ನದಿಗಳು. ಸೇತುವೆಗಳಿಲ್ಲದ ಕಾಲದಲ್ಲಿ ಒಂದೊಂದು ನದಿಗೂ ಇಳಿದು, ದೋಣಿಗೆ ಕಾದು, ಆಚೆ ದಡದಲ್ಲಿ ಬೇರೆ ವಾಹನ ಹಿಡಿಯಬೇಕಿತ್ತು. ನಾವು ಮಾತನಾಡುತ್ತಲೇ ನಾಲ್ಕನ್ನೂ ದಾಟಿದೆವು. ಕುಮಟೆಯಲ್ಲಿ ಕಾರು ನಿಲ್ಲಿಸಿ, ಮುತ್ತಜ್ಜನ ಹೆಸರಿನಲ್ಲಿ ಒಂದೊಂದು ಎಳನೀರು ಕುಡಿದೆವು.

ಊರಿಗೆ ಬಂದು ಒಂದೂವರೆ ತಿಂಗಳಾಗಿತ್ತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಅದೇ ಹೆದ್ದಾರಿಯ ಮೇಲೆ ಬಿತ್ತು. ದಾರಿಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ ಮಣ್ಣಿನ ಪಾಲಾಯಿತು. ಗಂಗಾವಳಿಗೆ ಬಿದ್ದ ಲಾರಿಯೊಂದು ದೊರೆತದ್ದು ಸೆಪ್ಟೆಂಬರ್ ಕೊನೆಗೆ. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದರು. ಟಿ.ವಿ.ಯಲ್ಲಿ ಅದನ್ನು ನೋಡಿ ಶ್ರೀಮತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ನಾವೂ ಅಂಥಾದ ಒಂದು ಅಂಗಡ್ಯಾಗ ಚಾ ಕುಡದಿದ್ವಿ. ಆ ಹೆಣಮಗಳ ಹೆಸರು ಕೇಳಲಿಲ್ಲ ನೋಡ್ರಿ."

ಆ ಮಾತು ನನ್ನನ್ನು ಬಿಟ್ಟಿಲ್ಲ. ನಾವು ಕುಡಿದ ಅಂಗಡಿ ಬೇರೆ ಕಡೆ ಇತ್ತು, ನಿಜ. ಆದರೆ ಇತಿಹಾಸ ಕಲಿಸಿದ ನಾನು ಯುದ್ಧ, ಬಂದರು, ರೈಲುಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ಮನೆಯಾಕೆಯ ಹುಟ್ಟಿದ ದಿನವನ್ನು ಮಾತ್ರ ಅತ್ತೆ ಬದುಕಿದ್ದಾಗ ಸರಿಯಾಗಿ ಕೇಳಿ ಬರೆದುಕೊಳ್ಳಲಿಲ್ಲ.

ನಿಮ್ಮಲ್ಲಿ ಯಾರ ತಾಯಿ, ಅಜ್ಜಿ ಇನ್ನೂ ಇದ್ದಾರೋ ಅವರನ್ನು ಇಂದೇ ಕೇಳಿರಿ: ಯಾವ ಹುಣ್ಣಿಮೆ, ಯಾವ ಸುಗ್ಗಿ, ಯಾವ ಮಳೆ ಎಂದು. ಹೇಳಿದ್ದನ್ನು ಹಾಗೆಯೇ ಬರೆದಿಡಿರಿ. ಮೇಷ್ಟ್ರು ಬರೆದ ಜೂನ್ ಒಂದು ಅದರ ಪಕ್ಕದಲ್ಲಿ ಇದ್ದರೆ ಇರಲಿ.